ಬೆಣಚುಕಲ್ಲಿನ ಸಿರ ಮತ್ತು ಕಾಯಕದ ಪ್ರಶ್ನೆ

ಕಾಯಕವೆಂಬ ಪದ ಇಂದು ಬಹು ಸುಲಭವಾಗಿ ಎಲ್ಲರ ನಾಲಗೆಯ ಮೇಲೆ ಬರುತ್ತದೆ. ಕಾರ್ಖಾನೆಯ ಹೆಬ್ಬಾಗಿಲ ಮೇಲೆ, ಕಚೇರಿಯ ಗೋಡೆಯ ಮೇಲೆ, ಸಭೆ ಸಮಾರಂಭಗಳ ಫಲಕಗಳ ಮೇಲೆ ಅದನ್ನು ಬರೆಸಿರುವುದನ್ನು ಕಾಣುತ್ತೇವೆ. ಬರೆಸಿದವರು ಸಾಮಾನ್ಯವಾಗಿ ದುಡಿಸುವವರು, ಓದಬೇಕಾದವರು ದುಡಿಯುವವರು. ಶರಣರು ಕೊಟ್ಟ ಈ ಮಹಾಮಂತ್ರವು ಯಾರಿಂದ ಯಾರಿಗೆ ಹೇಳಲ್ಪಡುತ್ತಿದೆ ಎಂಬುದನ್ನು ವಿಚಾರಿಸದೆ ಅದರ ಅರ್ಥವನ್ನು ನಿರ್ಣಯಿಸುವುದು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ. ದುಡಿಮೆಯೆಲ್ಲವೂ ಕಾಯಕವೇ? ಬೆವರು ಸುರಿದ ಮಾತ್ರಕ್ಕೆ ಕರ್ಮವು ಪೂಜೆಯಾಗುವುದೇ? ಈ ಪ್ರಶ್ನೆಗೆ ಶಾಸ್ತ್ರದಿಂದ ಉತ್ತರ ಹುಡುಕುವ ಮುನ್ನ ಮನುಷ್ಯನು ಕೈಯಾರೆ ಮಾಡಿದ ಅತ್ಯಂತ ಕಠಿಣವಾದ ಕೆಲಸವೊಂದನ್ನು ಸಮೀಪದಿಂದ ನೋಡುವುದು ಲೇಸು. ಬಂಡೆಯೊಳಗೆ ಹರಿದ ಬೆಣಚುಕಲ್ಲಿನ ಸಿರವನ್ನು ಸುತ್ತಿಗೆ ಉಳಿಗಳಿಂದ ಬಿಡಿಸಿ ತೆಗೆಯುವ ಕೆಲಸವೇ ಅದು.

ಬೆಣಚುಕಲ್ಲು ನಮ್ಮ ನಾಡಿನ ಮಕ್ಕಳಿಗೆ ಅಪರಿಚಿತವಲ್ಲ. ಕತ್ತಲೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಉಜ್ಜಿ ಅವುಗಳ ಒಳಗೆ ಮಿಣುಕುವ ಬೆಳಕನ್ನು ನೋಡಿ ಹಿಗ್ಗದ ಹಳ್ಳಿಯ ಹುಡುಗನಿಲ್ಲ. ಇದೇ ದ್ರವ್ಯ ದೋಷರಹಿತವಾಗಿ ಹರಳುಗಟ್ಟಿದಾಗ ಸ್ಫಟಿಕವೆನಿಸುತ್ತದೆ; ಅದರಿಂದ ಲಿಂಗಗಳನ್ನೂ ಜಪಮಾಲೆಗಳನ್ನೂ ಮಾಡುತ್ತಾರೆ. ಭೂಗರ್ಭದ ಬಿಸಿನೀರು ಹಳೆಯ ಶಿಲೆಯ ಬಿರುಕುಗಳಲ್ಲಿ ಏರಿ ಬಂದು, ತನ್ನಲ್ಲಿ ಕರಗಿದ್ದ ಸಿಲಿಕಾವನ್ನು ಅಲ್ಲಿ ಬಿಟ್ಟು ತಣಿದಾಗ ಸಿರವುಂಟಾಗುತ್ತದೆ. ಕರಿಯ ಶಿಲೆಯ ನಡುವೆ ಬಿಳಿಯ ಪಟ್ಟಿಯಂತೆ ಅದು ಓಡುತ್ತದೆ, ಒಂದೆಡೆ ಅಂಗೈ ಅಗಲ, ಮತ್ತೊಂದೆಡೆ ಮಾರಗಲ, ಮುಂದೆ ಎಳೆಯಾಗಿ ಸಣ್ಣಗಾಗಿ ಮಾಯ. ಕೆಲವು ಸಿರಗಳಲ್ಲಿ ಬೆಣಚಿನ ಜೊತೆಗೆ ಚಿನ್ನವೂ ಇರುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿರುವುದು ಅಂಥ ಸಿರಗಳು.

1947ರಲ್ಲಿ ಹಟ್ಟಿಯ ಇಂದಿನ ಕಂಪನಿ ಸ್ಥಾಪಿತವಾಗುವುದಕ್ಕೆ ಬಹು ಶತಮಾನಗಳ ಹಿಂದೆಯೇ ಅಲ್ಲಿ ಗಣಿಗಳಿದ್ದವು. ಆಧುನಿಕ ಎಂಜಿನಿಯರುಗಳು ಕೆಳಗಿಳಿದಂತೆಲ್ಲ ಪ್ರಾಚೀನರು ಅಗೆದ ಬಿಲಗಳು ಅವರಿಗೆ ಎದುರಾಗುತ್ತ ಹೋದವು. ಸುಮಾರು 640 ಅಡಿ ಆಳದವರೆಗೂ ಆ ಕೆಲಸದ ಗುರುತುಗಳಿದ್ದವು. ಒಳಗೆ ಸಿಕ್ಕ ಮರದ ತುಂಡುಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ಗಣಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ಸಿಡಿಮದ್ದು ಇರಲಿಲ್ಲ, ನೀರೆತ್ತುವ ಯಂತ್ರವಿರಲಿಲ್ಲ, ಗಾಳಿಯೂಡುವ ಸಾಧನವಿರಲಿಲ್ಲ. ಆರುನೂರು ಅಡಿಯನ್ನು ಮನುಷ್ಯನ ತೋಳು ಇಳಿದಿದೆ.

ಬೆಣಚನ್ನು ಕೈಯಿಂದ ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಖನಿಜಗಳ ಕಾಠಿಣ್ಯವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಹ್ಸ್ ಮಾನದಲ್ಲಿ ಬೆಣಚಿನ ಸ್ಥಾನ ಏಳು. ಸಾಮಾನ್ಯ ಉಕ್ಕಿನ ಚೂರಿಯದು ಐದೂವರೆಯ ಆಸುಪಾಸು. ಎಂದರೆ ಉಳಿಯು ಕಲ್ಲನ್ನು ಸವೆಯಿಸುವುದಕ್ಕಿಂತ ಹೆಚ್ಚಾಗಿ ಕಲ್ಲೇ ಉಳಿಯನ್ನು ಸವೆಯಿಸುತ್ತದೆ. ಆದುದರಿಂದ ಗಣಿಯ ಬಾಯಲ್ಲಿ ಕಮ್ಮಾರನ ಕುಲುಮೆ ಇರಲೇಬೇಕು. ಮೊಂಡಾದ ಮೊನೆಯನ್ನು ಕಾಯಿಸಿ, ಬಡಿದು, ಹದವಾಗಿ ತಣಿಸಿ ಮತ್ತೆ ಕೆಳಗೆ ಕಳುಹಿಸುವ ಕೆಲಸ ಅವನಿಗೆ ದಿನವಿಡೀ ಇದ್ದೇ ಇರುತ್ತದೆ. ಇನ್ನೊಂದು ತೊಡಕೆಂದರೆ, ಬೆಣಚಿಗೆ ಸೀಳಿನ ಹಾದಿಯಿಲ್ಲ. ಕಟ್ಟಿಗೆಗೆ ನಾರಿದೆ, ಶಹಾಬಾದಿನ ಹಾಸುಗಲ್ಲಿಗೆ ಪದರವಿದೆ, ಕಣಶಿಲೆಯನ್ನೂ ಬಲ್ಲವನು ಸಾಲಾಗಿ ಕುಳಿ ಕೊರೆದು ಬೆಣೆಯಿಟ್ಟು ನೇರವಾಗಿ ಸೀಳಬಲ್ಲ. ಬೆಣಚು ಗಾಜಿನಂತೆ ತನಗೆ ತೋಚಿದ ಕಡೆಗೆ ಒಡೆಯುತ್ತದೆ, ಚೂಪಾದ ಚಕ್ಕೆಗಳಾಗಿ ಮುಖಕ್ಕೆ ಸಿಡಿಯುತ್ತದೆ.

ಹಾಗಾಗಿ ನುರಿತ ಕೆಲಸಗಾರನು ಸಿರದ ನಡುಮಧ್ಯಕ್ಕೆ ಹೊಡೆಯುವುದಿಲ್ಲ. ಸಿರವೂ ಸುತ್ತಣ ಶಿಲೆಯೂ ಕೂಡುವ ಅಂಚನ್ನು ಅವನು ಬೆರಳಿನಿಂದ ತಡವಿ ಹುಡುಕುತ್ತಾನೆ. ಅನೇಕ ಕಡೆಗಳಲ್ಲಿ ಆ ಅಂಚಿನ ಶಿಲೆ ಕಳಿತು ಮೆತ್ತಗಾಗಿ ಜೇಡಿಯಂತಾಗಿರುತ್ತದೆ. ಅಲ್ಲಿ ಉಳಿಯನ್ನಿಟ್ಟು ಹಗುರವಾಗಿ ಕೆತ್ತಿ ಗಾಡಿ ಮಾಡಿ, ಬೆಣೆಯನ್ನು ಹೊಗಿಸಿ, ಸಮ್ಮಟಿಗೆಯಿಂದ ಬಡಿದು, ಬಿರುಕು ಬಾಯ್ಬಿಟ್ಟ ಮೇಲೆ ಹಾರೆಯನ್ನು ತೂರಿಸಿ ಮೀಟುತ್ತಾನೆ. ಕಲ್ಲಿನ ಶಬ್ದವೇ ಅವನಿಗೆ ಗುರು. ಗಟ್ಟಿಯಾಗಿ ಅಂಟಿದ ಬಂಡೆ ಕಂಚಿನಂತೆ ಮೊಳಗುತ್ತದೆ, ಒಳಗೆ ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ತಲೆಯ ಮೇಲಿನ ಬಂಡೆ ಹೀಗೆ ಮಂಕಾಗಿ ನುಡಿದರೆ ಅವನು ಹಿಂದೆ ಸರಿಯಬೇಕು. ವಿಶ್ವವಿದ್ಯಾಲಯದ ತರ್ಕಶಾಸ್ತ್ರದಲ್ಲಿ ಪ್ರಮಾಣಗಳನ್ನು ಕುರಿತು ನಾವು ಬಹಳ ಓದಿದ್ದೇವೆ. ಪ್ರಾಣವನ್ನೇ ಪಣವಾಗಿಟ್ಟ ಇಂಥ ಅನುಮಾನ ಪ್ರಮಾಣದ ಉದಾಹರಣೆ ಅಲ್ಲಿ ದೊರೆತಿರಲಿಲ್ಲ.

ಉಳಿಗೆ ಮಣಿಯದ ಸಿರಕ್ಕೆ ಬೆಂಕಿ. ಹಟ್ಟಿಯಲ್ಲಿಯೂ ಕೋಲಾರದಲ್ಲಿಯೂ ಪ್ರಾಚೀನರು ಬಂಡೆಯ ಮುಖಕ್ಕೆ ಕಟ್ಟಿಗೆಯೊಟ್ಟಿ ಉರಿಹಾಕುತ್ತಿದ್ದರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಾದ ಕಲ್ಲಿನ ಮೇಲೆ ನೀರೆರಚುತ್ತಿದ್ದುದೂ ಉಂಟು. ಆದರೆ ಬಿರುಕಿಗೆ ಪ್ರಧಾನ ಕಾರಣ ಕಾವೇ. ಸುಮಾರು 573 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಬೆಣಚಿನ ಅಣುರಚನೆ ಹಠಾತ್ತನೆ ಬದಲಾಗಿ ಕಲ್ಲು ಉಬ್ಬುತ್ತದೆ, ತನ್ನೊಳಗೆ ತಾನೇ ಹರಿದುಕೊಳ್ಳುತ್ತದೆ. ಆ ಮೇಲೆ ಸುತ್ತಿಗೆಯ ಪೆಟ್ಟಿಗೆ ಉದುರುತ್ತದೆ. ವಿಜ್ಞಾನವು ಈ ಕಾರಣವನ್ನು ಹೇಳುವ ಎಷ್ಟೋ ಮೊದಲು ಕೆಲಸಗಾರನ ಕೈಗೆ ಕಾರ್ಯವು ತಿಳಿದಿತ್ತು. ಆದರೆ ಇಕ್ಕಟ್ಟಾದ ಬಿಲದೊಳಗೆ ಹಚ್ಚಿದ ಬೆಂಕಿ ಅಲ್ಲಿದ್ದ ಉಸಿರಾಟದ ಗಾಳಿಯನ್ನೂ ತಿನ್ನುತ್ತದೆ, ವಿಷಾನಿಲವನ್ನು ಬಿಡುತ್ತದೆ. ಹೊಗೆ ಇಳಿಯುವ ಮೊದಲೇ ಒಳಹೊಕ್ಕವನು ಹೊರಬರುವ ಭರವಸೆಯಿಲ್ಲ.

ಇಷ್ಟಾದ ಮೇಲೆ ಕೈಗೆ ಬಂದದ್ದು ಚಿನ್ನವಲ್ಲ, ಕಲ್ಲು. ಅದನ್ನು ಬುಟ್ಟಿಯಲ್ಲಿ ಮೇಲೆ ಸಾಗಿಸಬೇಕು, ಒರಳುಗುಳಿಗಳಲ್ಲಿ ಕುಟ್ಟಬೇಕು, ಹಿಟ್ಟಿನಂತೆ ಅರೆಯಬೇಕು, ಮರಿಗೆಯಲ್ಲಿ ತೊಳೆಯಬೇಕು. ಚಿನ್ನವು ನೀರಿಗಿಂತ ಹತ್ತೊಂಬತ್ತು ಪಟ್ಟು, ಬೆಣಚು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ. ಆ ಭೇದದಿಂದ ಪುಡಿ ಹರಿದುಹೋಗಿ ಹೊನ್ನು ತಳದಲ್ಲಿ ಉಳಿಯುತ್ತದೆ. ಗದಗಿನ ಸಮೀಪದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದುದೂ ಇದೇ ತೊಳೆತ. ಹಟ್ಟಿಯ ಸುತ್ತಣ ಬಂಡೆಗಳ ಮೇಲೆ ಅರೆದರೆದು ಬಿದ್ದ ಕುಳಿಗಳು ಇಂದಿಗೂ ಉಂಟು. ಒಂದು ಟನ್ ಕಲ್ಲಿಗೆ ಐದು ಗ್ರಾಂ ಚಿನ್ನವೆಂದು ಲೆಕ್ಕ ಹಿಡಿದರೂ ಒಂದು ತೊಲೆಗೆ ಎರಡು ಟನ್ನಿಗೂ ಮಿಕ್ಕ ಕಲ್ಲನ್ನು ಬಿಡಿಸಿ, ಹೊತ್ತು, ಕುಟ್ಟಿ, ಅರೆದು, ತೊಳೆಯಬೇಕಾಗುತ್ತದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಆಂಗ್ಲ ಅಧಿಕಾರಿ ಕೋಲಾರ ಸೀಮೆಯ ಮಾರಿಕುಪ್ಪದಲ್ಲಿ ಈ ಕೆಲಸವನ್ನು ಕಣ್ಣಾರೆ ಕಂಡನು. ಗಂಡಸರು ಗುಂಡಿಗಿಳಿದು ಕಲ್ಲು ಬಿಡಿಸಿ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು. ಸಮಾಜವು ಅಸ್ಪೃಶ್ಯರೆಂದು ದೂರವಿರಿಸಿದ್ದ ಜನ ಅವರು. ಅವರು ಮುಟ್ಟಿದ ಕಲ್ಲಿನ ಚಿನ್ನ ಮಾತ್ರ ಯಾವ ದೇವಸ್ಥಾನದ ಗರ್ಭಗುಡಿಗೂ ಮೈಲಿಗೆಯಾಗಲಿಲ್ಲ.

ಹಟ್ಟಿಯ ಆ ಬಿಲಗಳಲ್ಲಿ ದುಡಿದವರು ಯಾರು, ತಮ್ಮ ಇಚ್ಛೆಯಿಂದ ಇಳಿದರೋ ಇಳಿಸಲ್ಪಟ್ಟರೋ, ಅದನ್ನು ಹೇಳುವ ಶಾಸನವಿಲ್ಲ. ಆದರೆ ಆ ಕಾಲದ ರಾಜನೀತಿ ಗಣಿಯನ್ನು ಹೇಗೆ ಕಂಡಿತ್ತೆಂಬುದಕ್ಕೆ ಸಾಕ್ಷಿಯುಂಟು. ಕೌಟಿಲ್ಯನ ಅರ್ಥಶಾಸ್ತ್ರವು ಆಕರಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸುತ್ತದೆ. ಅಪ್ಪಣೆಯಿಲ್ಲದೆ ಗಣಿಯಿಂದ ಜೀವಿಸುವವನನ್ನು ಕಟ್ಟಿಹಾಕಿ ಅಲ್ಲಿಯೇ ದುಡಿಸಬೇಕೆಂದು ವಿಧಿಸುತ್ತದೆ. ಸಮುದ್ರದಾಚೆಯ ಚಿತ್ರ ಇನ್ನೂ ಸ್ಪಷ್ಟವಾಗಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಲೇಖಕ ಅಗಾಥಾರ್ಕಿಡೀಸನು ಈಜಿಪ್ಟಿನ ದಕ್ಷಿಣದ ಚಿನ್ನದ ಗಣಿಗಳನ್ನು ವರ್ಣಿಸಿದ್ದಾನೆ. ಅವನ ಮಾತುಗಳನ್ನು ಡಯೋಡೋರಸನ ಗ್ರಂಥ ಉಳಿಸಿಕೊಟ್ಟಿದೆ. ಅಲ್ಲಿಯೂ ಕರಿಯ ಶಿಲೆಯ ನಡುವೆ ಬೆಳ್ಳಗೆ ಹೊಳೆಯುವ ಸಿರ, ಅಲ್ಲಿಯೂ ಬೆಂಕಿ, ಅಲ್ಲಿಯೂ ಸುತ್ತಿಗೆ. ದುಡಿಯುವವರು ಕಾಲಿಗೆ ಸಂಕೋಲೆ ತೊಡಿಸಿದ ಅಪರಾಧಿಗಳು ಮತ್ತು ಯುದ್ಧದ ಸೆರೆಯಾಳುಗಳು. ಹಣೆಗೆ ದೀಪ ಕಟ್ಟಿಕೊಂಡು ಅವರು ಸಿರವನ್ನು ಬಡಿಯುತ್ತಿದ್ದರು, ಬಿದ್ದ ಕಲ್ಲನ್ನು ಎಳೆಯ ಹುಡುಗರು ತೆವಳಿ ಆಯ್ದು ತರುತ್ತಿದ್ದರು, ಹೆಂಗಸರು ಮುದುಕರು ಬೀಸುಕಲ್ಲಿಗೆ ನಿಲ್ಲುತ್ತಿದ್ದರು. ರೋಗಿಗೂ ಬಿಡುವಿರಲಿಲ್ಲ.

ಈ ನೆಲದ ಇನ್ನೊಂದು ವಿಶೇಷವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನ ಇದೇ ಸೀಮೆಯಲ್ಲಿದೆ. 1915ರಲ್ಲಿ ಅದನ್ನು ಗುರುತಿಸಿದವನು ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಅಲ್ಪನೂ ಅದನ್ನು ಪಡೆಯಬಲ್ಲ ಎಂಬ ಆಶಯ ಆ ಶಾಸನದಲ್ಲಿದೆ. ಇನ್ನು, ಹಟ್ಟಿಗೆ ಸಮೀಪವೇ ಇರುವ ಗುರುಗುಂಟದ ಅಮರೇಶ್ವರ ಕ್ಷೇತ್ರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಮೂಲಸ್ಥಾನವೆಂದು ಪರಂಪರೆ ನಂಬಿದೆ. ಇಬ್ಬರ ಅಂಕಿತದಲ್ಲಿಯೂ ಅಮರೇಶ್ವರಲಿಂಗನ ಹೆಸರಿದೆ. ನೆಲವನ್ನು ಬಗೆದು ಹೊನ್ನನ್ನು ಹೊರತೆಗೆದ ಸೀಮೆಯೇ, ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ದಂಪತಿಗಳನ್ನೂ ಕೊಟ್ಟಿತು.

ಕಥೆ ಎಲ್ಲರಿಗೂ ತಿಳಿದದ್ದೇ. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಬೇಕಾದುದಕ್ಕಿಂತ ಮಿಗಿಲಾದದ್ದನ್ನು ತಂದೆಡೆಗೇ ಮರಳಿಸಬೇಕೆಂದಳು. ಸಾಮಾನ್ಯವಾಗಿ ಇದನ್ನು ನಿರಾಶೆಯ ಪಾಠವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಅಂಶವಿದೆ: ಆ ಮನೆಯಲ್ಲಿ ಎಷ್ಟು ತರಬೇಕು, ಎಷ್ಟು ಸಾಕು, ಯಾರಿಗೆ ನೀಡಬೇಕು ಎಂಬುದನ್ನು ನಿರ್ಣಯಿಸಿದವರು ದುಡಿದವರೇ. ಆಯ್ದ ಅಕ್ಕಿ ಅವರ ಕೈಗೆ ಬಂದಿತ್ತು, ಆದುದರಿಂದಲೇ ಅದನ್ನು ಮರಳಿಸುವ ಅಥವಾ ದಾಸೋಹಕ್ಕೆ ಅರ್ಪಿಸುವ ಸ್ವಾತಂತ್ರ್ಯ ಅವರಿಗಿತ್ತು. ಮೋಳಿಗೆ ಮಾರಯ್ಯನೂ ತನ್ನ ಗುಡಿಸಲಲ್ಲಿ ಗುಪ್ತವಾಗಿ ಇಟ್ಟುಹೋದ ಹೊನ್ನನ್ನು ಜಂಗಮರಿಗೆ ಹಂಚಿದನೆಂದು ಪುರಾಣಗಳು ಹೇಳುತ್ತವೆ. ತ್ಯಾಗವು ತ್ಯಾಗವಾಗಬೇಕಾದರೆ ಬಿಡುವ ವಸ್ತು ಮೊದಲು ಬಿಡುವವನದಾಗಿರಬೇಕು. ಹಣೆಗೆ ದೀಪ ಕಟ್ಟಿಕೊಂಡು ಸಿರವನ್ನು ಬಡಿದವನ ಕೈಗೆ ಏನು ಬಂದಿತ್ತು? ಅವನು ಏನನ್ನು ಅರ್ಪಿಸಬಲ್ಲವನಾಗಿದ್ದ?

ಇಲ್ಲಿ ಕಾಯಕತತ್ತ್ವಕ್ಕೂ ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ಉಪದೇಶಕ್ಕೂ ಒಂದು ಸೂಕ್ಷ್ಮವಾದ ಅಂತರವಿದೆ. ಫಲದ ಆಸೆಯನ್ನು ಬಿಡು ಎಂಬ ಮಾತು, ಆಡಿದವನ ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಫಲವನ್ನು ಕಸಿದುಕೊಳ್ಳುವವನ ಬಾಯಲ್ಲಿ ಬಹು ಅನುಕೂಲವಾದ ಮಾತಾಗಬಲ್ಲದು. ಶರಣರ ಕಾಯಕದಲ್ಲಿ ಫಲವು ಕಾಯಕಜೀವಿಯ ಕೈಗೆ ಬಂದು ಆ ಕೈಯಿಂದಲೇ ದಾಸೋಹವಾಗಿ ಹರಿಯಬೇಕು. ಕಾರ್ಲ್ ಮಾರ್ಕ್ಸನು 1844ರ ತನ್ನ ಹಸ್ತಪ್ರತಿಗಳಲ್ಲಿ ದುಡಿಮೆಗಾರನಿಗೆ ತನ್ನ ದುಡಿಮೆಯ ಫಲವೇ ಪರಕೀಯವಾಗಿ ಎದುರುನಿಲ್ಲುವುದನ್ನು ವಿಶ್ಲೇಷಿಸಿದ. ಆ ರೋಗನಿದಾನವನ್ನು ನಾವು ತಳ್ಳಿಹಾಕುವುದಿಲ್ಲ; ಆದರೆ ಫಲವು ದುಡಿದವನ ಕೈಸೇರಿದ ಮೇಲೆ ಮುಂದೇನು ಎಂಬಲ್ಲಿಂದ ಶರಣರ ಚಿಂತನೆ ಮೊದಲಾಗುತ್ತದೆ. ಹಾಗಾದರೆ ಕೂಲಿಗಾಗಿ ದುಡಿಯುವುದು ಎಂದೂ ಕಾಯಕವಾಗದೇ, ಎಂದು ನಮ್ಮ ಮಠದ ಭಕ್ತರಾದ ಒಬ್ಬ ನಿವೃತ್ತ ಉಪಾಧ್ಯಾಯರು ಕೇಳಿದರು. ಖಂಡಿತ ಆಗುತ್ತದೆ. ನ್ಯಾಯವಾದ ಕೂಲಿಯೂ ಫಲವೇ. ಆದರೆ ಕೂಲಿ ನ್ಯಾಯವಾಗಿದ್ದರಷ್ಟೇ ಸಾಲದು, ದುಡಿದವನ ಕಾಯವೂ ಉಳಿಯಬೇಕು. ಕಾಯಕದಲ್ಲಿ ಮೊದಲು ಇರುವುದೇ ಕಾಯ.

ಬೆಣಚು ಕೆಡಿಸುವುದು ಕಾಯದ ಅತ್ಯಂತ ಒಳಗಿನ ನೆಲೆಯನ್ನು. ಕಲ್ಲನ್ನು ಕೊರೆದಾಗ, ಕುಟ್ಟಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಮೂಗಿನ ಕೂದಲಿಗೆ, ಕಫಕ್ಕೆ ಸಿಕ್ಕದೆ ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಸೇರುತ್ತವೆ. ಶರೀರವು ಅವನ್ನು ಕರಗಿಸಲಾರದೆ ಸುತ್ತಲೂ ಗಂಟುಗಳನ್ನು ಕಟ್ಟುತ್ತದೆ. ಮೃದುವಾದ ಶ್ವಾಸಕೋಶ ಕ್ರಮೇಣ ಬಿಗಿದು ಹೋಗುತ್ತದೆ. ಸಿಲಿಕೋಸಿಸ್ ಎಂದು ಇದರ ಹೆಸರು. ಹಿಡಿದ ಮೇಲೆ ವಾಸಿಮಾಡುವ ಔಷಧವಿಲ್ಲ, ಬೆನ್ನಿಗೇ ಕ್ಷಯರೋಗವೂ ಬರುವುದುಂಟು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ರೋಗ 1940ರ ದಶಕದಲ್ಲಿಯೇ ವ್ಯಾಪಕವಾಗಿ ದಾಖಲಾಗಿತ್ತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ರೋಗದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚುಪುಡಿಯ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಕಡೆಯ ಬಡ ಆದಿವಾಸಿಗಳು ಕೂಲಿಗೆ ಹೋದರು. ಕೆಲವೇ ತಿಂಗಳುಗಳ ದುಡಿಮೆಯ ಧೂಳಿನಿಂದ ಎಳೆಯ ವಯಸ್ಸಿನವರೇ ಊರಿಗೆ ಮರಳಿ ಸತ್ತರು. ಹೀಗೆ ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ ಮೂರು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2010ರಲ್ಲಿ ಹೇಳಿತು. ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2016ರಲ್ಲಿ. ಅವರು ಅರೆದ ಪುಡಿ ಗಾಜಾಗಿ, ಪಿಂಗಾಣಿಯಾಗಿ ನಮ್ಮ ನಿಮ್ಮ ಮನೆಗಳನ್ನು ಸೇರಿದೆ.

ಷಟ್‌ಸ್ಥಲ ಸಿದ್ಧಾಂತವನ್ನು ಬಲ್ಲವರಿಗೆ ಇದು ಕೇವಲ ವೈದ್ಯಶಾಸ್ತ್ರದ ವಿಷಯವಾಗಿ ಕಾಣಲಾರದು. ನಾಲ್ಕನೆಯ ಸ್ಥಲವಾದ ಪ್ರಾಣಲಿಂಗಿಯಲ್ಲಿ ಸಾಧಕನು ಕರಸ್ಥಲದ ಲಿಂಗವನ್ನು ಪ್ರಾಣದಲ್ಲಿಯೇ ಅರಿಯುತ್ತಾನೆ. ಒಳಹೋಗಿ ಹೊರಬರುವ ಒಂದೊಂದು ಉಸಿರೂ ಅಲ್ಲಿ ಅರ್ಚನೆ. ದೇಹವನ್ನೇ ದೇವಾಲಯವಾಗಿ ಕಂಡವರು ಶರಣರು. ಹಾಗಿರುವಲ್ಲಿ ಒಬ್ಬನ ಉಸಿರಾಟಕ್ಕೆ ಕಲ್ಲಿನ ಪುಡಿಯನ್ನು ತುಂಬಿ, ಅವನ ಎದೆಯ ಗೂಡನ್ನು ಬಿಗಿದು, ಹೊರಗೆ ಗೋಡೆಯ ಮೇಲೆ ಕಾಯಕದ ಮಹಿಮೆಯನ್ನು ಬರೆಸುವುದನ್ನು ಯಾವ ಹೆಸರಿನಿಂದ ಕರೆಯೋಣ? ಸ್ಥಾವರಲಿಂಗವೊಂದನ್ನು ಯಾರಾದರೂ ಭಗ್ನಗೊಳಿಸಿದರೆ ಊರೆಲ್ಲ ಎದ್ದು ನಿಲ್ಲುತ್ತದೆ. ಪ್ರಾಣಲಿಂಗ ಭಗ್ನವಾಗುವಾಗ ಕೇಳುವುದು ಕೆಮ್ಮು ಮಾತ್ರ, ಅದೂ ಗುಡಿಸಲಿನ ಒಳಗಿನಿಂದ.

ಯಂತ್ರವೇ ಇದಕ್ಕೆಲ್ಲ ಕಾರಣ, ಕೈಯುಪಕರಣಗಳ ಕಾಲದಲ್ಲಿ ದುಡಿಮೆ ನಿರ್ಮಲವಾಗಿತ್ತು ಎಂದು ಹೇಳುವ ಹಿರಿಯರಿದ್ದಾರೆ. ಅವರ ಭಾವನೆ ನಮಗೆ ಅರ್ಥವಾಗುತ್ತದೆ, ಅಭಿಪ್ರಾಯ ಒಪ್ಪಿಗೆಯಾಗುವುದಿಲ್ಲ. ಗಾಳಿಯೊತ್ತಡದ ಕೊರೆಯಂತ್ರ ಉಳಿಗಿಂತ ಹೆಚ್ಚು ನಯವಾದ ಧೂಳನ್ನು ಹೆಚ್ಚು ಪ್ರಮಾಣದಲ್ಲಿ ಎಬ್ಬಿಸಿತೆಂಬುದು ನಿಜ. ಆದರೆ ನುಣ್ಣಗೆ ಅರೆಯುವ ಕೆಲಸವು ಈಜಿಪ್ಟಿನ ಬೀಸುಕಲ್ಲಿನಲ್ಲಿಯೂ ಇತ್ತು, ಮಾರಿಕುಪ್ಪದ ಹೆಂಗಸರ ಕೈಯಲ್ಲಿಯೂ ಇತ್ತು. ಸಂಕೋಲೆ ಯಂತ್ರಕ್ಕಿಂತ ಹಳೆಯದು. ಅತ್ತ, ಯಂತ್ರದ ಮೊನೆಗೆ ನೀರು ಹಾಯಿಸುವ ಸರಳ ಉಪಾಯದಿಂದ ಧೂಳು ಬಹುಮಟ್ಟಿಗೆ ಏಳುವಲ್ಲಿಯೇ ಅಡಗುತ್ತದೆಂಬುದು ಗಣಿಗಾರಿಕೆಯಲ್ಲಿ ಚೆನ್ನಾಗಿ ತಿಳಿದ ಸಂಗತಿ. ಉಪಕರಣವು ಯಾವುದೆಂಬುದಕ್ಕಿಂತ, ನೀರು ಹಾಯಿಸಲು ತಗಲುವ ಹೊತ್ತನ್ನೂ ಹಣವನ್ನೂ ಯಾರು ಭರಿಸಬೇಕೆಂಬಲ್ಲಿ ಧರ್ಮದ ಪ್ರಶ್ನೆಯಿದೆ. ಭರಿಸಬೇಕಾದವರು ದುಡಿಸುವವರು, ಅವರ ಹಿಂದೆ, ಕೊಳ್ಳುವವರು.

ಕೊಳ್ಳುವವರಲ್ಲಿ ಮಠಗಳೂ ಇವೆ. ಕಿರೀಟವೆಂದು, ಪಲ್ಲಕ್ಕಿಯ ಕಳಸವೆಂದು ಬರುವ ಹೊನ್ನಿನ ಮಾತನ್ನು ಸದ್ಯಕ್ಕೆ ಬದಿಗಿಡೋಣ; ತೆಗೆದ ಚಿನ್ನವನ್ನು ಮರಳಿ ಸಿರಕ್ಕೆ ಸೇರಿಸಲು ಯಾರಿಂದಲೂ ಆಗದು, ಲಕ್ಕಮ್ಮನ ಅಕ್ಕಿಯಂತೆ ಅದು ತಂದೆಡೆಗೆ ಹಿಂದಿರುಗುವುದಿಲ್ಲ. ಆದರೆ ಈಗ ನಡೆಯುತ್ತಿರುವ ಕೆಲಸ ನಮ್ಮ ಕೈಯಲ್ಲಿದೆ. ಇಂದು ನಾಡಿನ ಎಷ್ಟೋ ಮಠಗಳಲ್ಲಿ ಶಿಲೆಯ ಮಹಾದ್ವಾರಗಳೂ ಶಿಲಾಮಂಟಪಗಳೂ ಏಳುತ್ತಿವೆ. ಅವುಗಳಿಗೆ ಬಳಸುವ ಕಣಶಿಲೆಯ ಒಂದು ಮುಖ್ಯ ಭಾಗ ಇದೇ ಬೆಣಚು. ಹಿಂದೆ ಉಳಿಯಿಂದ ಕೆತ್ತುತ್ತಿದ್ದ ಶಿಲ್ಪಿಗಳು ಈಗ ವಿದ್ಯುತ್ತಿನ ಗಾಲಿಯಿಂದ ಕೊಯ್ಯುತ್ತಾರೆ, ಬಾಯಿಗೆ ಒಂದು ವಸ್ತ್ರ ಸುತ್ತಿಕೊಂಡು, ಬಿಳಿಯ ಮೋಡದ ನಡುವೆ ಕುಳಿತು. ವಸ್ತ್ರವು ಆ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಬೆಳಗಿನ ಪೂಜೆ ಮುಗಿಸಿ ಹೊರಬಂದ ಸ್ವಾಮಿಗಳಿಗೆ ಅವರು ಕೆಮ್ಮುತ್ತಲೇ ಎದ್ದು ನಿಂತು ಶರಣಾರ್ಥಿ ಹೇಳುತ್ತಾರೆ.

ನಮ್ಮ ಮಠದ ಮಹಾದ್ವಾರದ ಕೆಲಸಕ್ಕೂ ಅಂಥ ಹನ್ನೊಂದು ಮಂದಿ ಬಂದಿದ್ದಾರೆ. ಗಾಲಿಗೆ ನಿರಂತರವಾಗಿ ನೀರು ಬೀಳುವಂತೆ ಕೊಳವೆ ಹಾಕಿಸಬೇಕು, ಸೂಕ್ಷ್ಮ ಧೂಳನ್ನು ತಡೆಯುವ ಸರಿಯಾದ ಮುಖಗವಸು ಕೊಡಬೇಕು, ಆರು ತಿಂಗಳಿಗೊಮ್ಮೆ ಎದೆಯ ಕ್ಷ-ಕಿರಣ ಪರೀಕ್ಷೆ ಮಾಡಿಸಬೇಕು, ಆ ಖರ್ಚನ್ನು ಅವರ ಕೂಲಿಯಲ್ಲಿ ಹಿಡಿಯದೆ ದ್ವಾರದ ವೆಚ್ಚದಲ್ಲಿಯೇ ಸೇರಿಸಬೇಕೆಂದು ಸಮಿತಿಯವರಿಗೆ ತಿಳಿಸಿದ್ದೇವೆ. ಒದ್ದೆ ಕಲ್ಲಿನ ಮೇಲೆ ಗೆರೆ ನಿಲ್ಲುವುದಿಲ್ಲ, ಕೆಲಸ ನಿಧಾನವಾಗುತ್ತದೆ ಎಂದು ಕೆಲವರು ಅಸಮಾಧಾನಪಟ್ಟರು. ಅವರ ಮಾತಿನಲ್ಲಿ ಹುರುಳಿದೆ, ನಿಧಾನವಾಗಿಯೇ ಆಗುತ್ತಿದೆ. ದ್ವಾರವು ಈ ಜಾತ್ರೆಯ ವೇಳೆಗೆ ಸಿದ್ಧವಾಗಲಾರದು. ತೇರು ಹಳೆಯ ಬಾಗಿಲಿನಿಂದಲೇ ಹೊರಡುತ್ತದೆ.